ಊಟ ಬಿಟ್ಟ ಮೀನು: ಬಸಿರೋ, ಬೇನೆಯೋ?

(ಬೆಂಗಳೂರಿನಲ್ಲಿ ಅಕ್ವೇರಿಯಂ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಸಿಕ್ಲಿಡ್ ಅನ್ನುವ ಕುಟುಂಬದ ಮೀನು ಸಾಕುವವರಿಂದ ಒಂದು ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. "ಸಾರ್, ಒಂದು ಮೀನು ಊಟ ಬಿಟ್ಟಿದೆ. ಮೂಲೆ ಹಿಡಿದು ಕೂತಿದೆ. ಏನ್ ಔಷಧಿ ಹಾಕ್ಲಿ?" ನನ್ನ ಉತ್ತರವೂ ಪ್ರತಿ ಸಲ ಒಂದೇ. ಔಷಧಿ ಆಮೇಲೆ. ಮೊದಲು ಅದರ ಗದ್ದ ನೋಡಿ, ನಂತರ ಹೊಟ್ಟೆ ನೋಡಿ. ನಾನು ಹೇಳುವ ಮೀನುಗಳಲ್ಲಿ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಅದನ್ನೇ ಬಸಿರು ಅನ್ನುತ್ತಿದ್ದೇನೆ. ಗದ್ದ ಉಬ್ಬಿದ್ದರೆ ಬಾಣಂತನದ ತಯಾರಿ ಮಾಡಿಕೊಳ್ಳಿ. ಹೊಟ್ಟೆ ಉಬ್ಬಿದ್ದರೆ ಕೇಡು ಕಾದಿದೆ.

ಮೇಲ್ನೋಟಕ್ಕೆ ಎರಡೂ ಮೀನು ಒಂದೇ ಥರ ಆಡುತ್ತವೆ. ಗುಂಪು ಬಿಡುತ್ತವೆ, ಕಲ್ಲಿನ ಸಂದಿ ಸೇರುತ್ತವೆ, ಫುಡ್ ಹಾಕಿದರೆ ಮುಂದೆ ಬರುವುದಿಲ್ಲ. ಬಸುರಿ ಮೀನಿಗೆ ಔಷಧಿ ಹಾಕಿ ಮೊಟ್ಟೆ ಉಗುಳಿಸಿದವರನ್ನು ನೋಡಿದ್ದೇನೆ. ರೋಗ ಬಂದ ಮೀನನ್ನು ಬಸುರಿ ಅಂದುಕೊಂಡು ಮರಿಗಳಿಗೆ ಹೊಸ ಟ್ಯಾಂಕ್ ತಂದವರನ್ನೂ ನೋಡಿದ್ದೇನೆ. ಇವತ್ತಿನ ಮಾತೆಲ್ಲ ಈ ಎರಡನ್ನು ಬೇರೆ ಮಾಡಿ ನೋಡುವುದು ಹೇಗೆ ಅನ್ನುವುದರ ಮೇಲೆ. ಆಹಾರದಿಂದಲೇ ಶುರು ಮಾಡಬೇಕು. ಯಾಕೆಂದರೆ ಬೇನೆ ಬಹಳ ಸಲ ನಮ್ಮ ಕೈಯಿಂದಲೇ ಬರುತ್ತದೆ.

ಸಿಕ್ಲಿಡ್ ಅಂದರೆ ದೊಡ್ಡ ಕುಟುಂಬ. ಏಂಜೆಲ್, ಡಿಸ್ಕಸ್, ಆಸ್ಕರ್, ಫ್ಲವರ್‌ಹಾರ್ನ್, ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು ಎಲ್ಲವೂ ಅದರೊಳಗೇ ಬರುತ್ತವೆ. ಎಲ್ಲವನ್ನೂ ಇವತ್ತು ಹೇಳಲು ಹೋದರೆ ಯಾವುದನ್ನೂ ಹೇಳಿದ ಹಾಗಾಗುವುದಿಲ್ಲ. ನಿಮ್ಮಲ್ಲಿ ಜಾಸ್ತಿ ಜನರ ಮನೆಯಲ್ಲಿ ಇರುವುದು ಅಂಗಡಿಯವರು 'ಆಫ್ರಿಕನ್ ಮಿಕ್ಸ್' ಅಂತ ಕೊಡುವ ಹಳದಿ, ನೀಲಿ, ಪಟ್ಟೆಪಟ್ಟೆ ಮೀನುಗಳು. ಇವುಗಳಲ್ಲಿ ಬಹುಪಾಲು ಮಲಾವಿ ಸರೋವರದ 'ಎಂಬೂನಾ' ಗುಂಪಿನವು, ಅಂದರೆ ಬಂಡೆಗಳ ನಡುವೆ ಬದುಕುವ ಮೀನುಗಳು. ಅವನ್ನೇ ಹಿಡಿದುಕೊಂಡು ಹೋಗೋಣ.

ಮಲಾವಿ ಸರೋವರ ಸುಮ್ನೆ ಒಂದು ಕೆರೆ ಅಲ್ಲ. ಉದ್ದ ಸುಮಾರು 580 ಕಿಲೋಮೀಟರ್, ಆಳ 700 ಮೀಟರ್. ಮಲಾವಿ, ಮೊಜಾಂಬಿಕ್, ಟಾಂಜಾನಿಯ ಮೂರು ದೇಶಗಳ ದಡ ಅದಕ್ಕಿದೆ. ಅಲ್ಲಿ ನೂರಾರು ಜಾತಿಯ ಸಿಕ್ಲಿಡ್‌ಗಳಿವೆ, ಹೆಚ್ಚುಕಡಿಮೆ ಎಲ್ಲವೂ ಆ ಸರೋವರ ಬಿಟ್ಟರೆ ಬೇರೆಲ್ಲೂ ಇಲ್ಲ. ದಡದ ಬಂಡೆಗಳ ಮೇಲೆ ಬಿಸಿಲು ಬೀಳುತ್ತದೆ, ಪಾಚಿ ಬೆಳೆಯುತ್ತದೆ. ಆ ಪಾಚಿಯ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹುಳಹುಪ್ಪಟೆ ಇರುತ್ತವೆ. ಎಂಬೂನಾಗಳಿಗೆ ಬೆಳಗಿನಿಂದ ಸಂಜೆಯವರೆಗೆ ಅದೇ ಊಟ.

ಊಟ ಒಂದೇ ಆದರೂ ತಿನ್ನುವ ಕ್ರಮ ಬೇರೆ ಬೇರೆ. ಲೇಬಿಯೋಟ್ರೋಫಿಯಸ್ ಅನ್ನುವ ಮೀನಿನ ಮೂಗು ಮುಂದೆ ಚಾಚಿಕೊಂಡಿರುತ್ತದೆ, ಬಾಯಿ ಅದರ ಕೆಳಗಿರುತ್ತದೆ. ಅದು ಬಂಡೆಗೆ ಒರಗಿಕೊಂಡು ಈಜುತ್ತಲೇ ಪಾಚಿ ಕೆರೆಯುತ್ತದೆ. ಜೀಬ್ರಾ ಸಿಕ್ಲಿಡ್ ಹಾಗಲ್ಲ, ಬಂಡೆಗೆ ನೇರವಾಗಿ ಎದುರು ನಿಂತು ಮೇಲಿನ ಸಡಿಲ ಪಾಚಿಯನ್ನು ಹಲ್ಲಿನಿಂದ ಬಾಚಿಕೊಳ್ಳುತ್ತದೆ. ಎಲ್ಲರಿಗೂ ಇಷ್ಟವಾದ ಆ ಹಳದಿ ಮೀನು, ಎಲೆಕ್ಟ್ರಿಕ್ ಯೆಲ್ಲೊ, ಪಾಚಿಗಿಂತ ಸಂದಿಯೊಳಗಿನ ಹುಳಗಳನ್ನೇ ಹುಡುಕುತ್ತದೆ. ಇನ್ನೊಂದು ವಿಷಯ: ಸಿಕ್ಲಿಡ್‌ಗಳ ಗಂಟಲೊಳಗೆ ಎರಡನೇ ಜೊತೆ ದವಡೆ ಇರುತ್ತದೆ. ಮುಂದಿನ ಬಾಯಿ ಕೀಳುವುದಕ್ಕೆ, ಒಳಗಿನದು ಅರೆಯುವುದಕ್ಕೆ. ಒಂದೇ ಸರೋವರದಲ್ಲಿ ಇಷ್ಟೊಂದು ಜಾತಿಗಳು ಬೇರೆ ಬೇರೆ ಊಟ ಹಿಡಿದು ಬದುಕಿರುವುದಕ್ಕೆ ಈ ಒಳದವಡೆಯೂ ಒಂದು ಕಾರಣ ಅಂತ ವಿಜ್ಞಾನಿಗಳು ಹೇಳುತ್ತಾರೆ.

ಪಾಚಿಯಲ್ಲಿ ಸತ್ವ ಕಡಿಮೆ, ನಾರು ಜಾಸ್ತಿ. ಅದರಿಂದ ಹೊಟ್ಟೆ ತುಂಬಬೇಕಾದರೆ ದಿನವಿಡೀ ತಿನ್ನಬೇಕು, ತಿಂದದ್ದು ನಿಧಾನಕ್ಕೆ ಜೀರ್ಣವಾಗಬೇಕು. ಅದಕ್ಕೇ ಎಂಬೂನಾಗಳ ಕರುಳು ಮೈಗಿಂತ ಎಷ್ಟೋ ಪಟ್ಟು ಉದ್ದ, ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ಬೇಟೆಯಾಡುವ ಮೀನಿನ ಕರುಳು ಮೊಟಕು. ಮಾಂಸ ತಿಂದರೆ ಅದಕ್ಕೆ ಬೇಗ ಅರಗುತ್ತದೆ.

ಈಗ ನಮ್ಮ ಮನೆಯ ಟ್ಯಾಂಕಿಗೆ ಬನ್ನಿ. ಪಾಚಿ ಕೆರೆದು ಬದುಕುವ ಮೀನಿಗೆ ನಾವು ಹಾಕುವುದು ಏನು? ಒಣಗಿಸಿದ ಕೆಂಪು ಹುಳ, ಟ್ಯೂಬಿಫೆಕ್ಸ್, ಕೆಲವರು ಕೋಳಿಯ ಲಿವರ್, ಇನ್ನು ಕೆಲವರು ದನದ ಹೃದಯ. ಮೀನು ಬೇಡ ಅನ್ನುವುದಿಲ್ಲ. ಮುಗಿಬಿದ್ದು ತಿನ್ನುತ್ತದೆ. ಸರೋವರದಲ್ಲಿ ಅಷ್ಟು ಕೊಬ್ಬಿನ ಊಟ ಎಂದಾದರೊಮ್ಮೆ ಸಿಕ್ಕಿದರೆ ಬಿಡಬಾರದು ಅಂತ ಅದರ ಸ್ವಭಾವವೇ ಹೇಳುತ್ತದೆ. ಇಷ್ಟಪಟ್ಟು ತಿನ್ನುತ್ತದೆ ಅನ್ನುವುದು ಒಳ್ಳೆಯದಾಗುತ್ತದೆ ಅನ್ನುವುದಕ್ಕೆ ಸಾಕ್ಷಿಯಾಗುವುದಿಲ್ಲ, ಅಲ್ವಾ? ಮಕ್ಕಳು ಬೇಕರಿ ತಿಂಡಿ ತಿಂದ ಹಾಗೆ.

ದನ, ಕೋಳಿ ಬಿಸಿ ರಕ್ತದ ಪ್ರಾಣಿಗಳು. ಅವುಗಳ ಕೊಬ್ಬು ಮೀನಿನ ಮೈಯ ಶಾಖದಲ್ಲಿ, ಅಂದರೆ 25 ಡಿಗ್ರಿಯಲ್ಲಿ, ಸರಿಯಾಗಿ ಕರಗುವುದಿಲ್ಲ. ಅದು ಯಕೃತ್ತಿನ ಸುತ್ತ ಸೇರಿಕೊಳ್ಳುತ್ತದೆ. ಟ್ಯೂಬಿಫೆಕ್ಸ್ ವಿಷಯ ಬೇರೆ. ಆ ಹುಳ ಬೆಳೆಯುವುದು ಚರಂಡಿಯ ಕೆಸರಿನಲ್ಲಿ. ಎಷ್ಟು ತೊಳೆದರೂ ಅದರ ಹೊಟ್ಟೆಯೊಳಗಿನ ಕೊಳೆಯನ್ನು ನಾವು ತೊಳೆಯಲು ಆಗುವುದಿಲ್ಲ. ನಾನಂತೂ ಯಾವ ಮೀನಿಗೂ ಅದನ್ನು ಹಾಕುವುದಿಲ್ಲ.

ಹಾಗಾದರೆ ಏನು ಹಾಕಬೇಕು? ಸ್ಪಿರುಲಿನಾ ಅನ್ನುವ ಪಾಚಿ ಇರುವ ಫ್ಲೇಕ್ ಅಥವಾ ಸಣ್ಣ ಪೆಲ್ಲೆಟ್ ದಿನನಿತ್ಯದ ಊಟವಾಗಲಿ. ಡಬ್ಬಿಯ ಮುಂದಿನ ಚಿತ್ರ ಬಿಡಿ, ಹಿಂದೆ ಬರೆದ ಪದಾರ್ಥಗಳ ಪಟ್ಟಿ ಓದಿ. ಸ್ಪಿರುಲಿನಾ, ಬೇರೆ ಪಾಚಿ ಪಟ್ಟಿಯ ತಲೆಯಲ್ಲೇ ಇರಬೇಕು. ಗೋಧಿ ಹಿಟ್ಟು ಮೊದಲು ಬಂದು ಸ್ಪಿರುಲಿನಾ ಬಾಲದಲ್ಲಿ ಇದ್ದರೆ ಅದು ಹೆಸರಿಗಷ್ಟೇ. ವಾರಕ್ಕೆ ಒಂದೆರಡು ಸಲ ಪಾಲಕ್ ಎಲೆ ಬಿಸಿನೀರಿನಲ್ಲಿ ಅದ್ದಿ ತೆಗೆದು ಹಾಕಿ, ಅಥವಾ ಬೇಯಿಸಿದ ಬಟಾಣಿಯ ಸಿಪ್ಪೆ ಸುಲಿದು ಕಿವುಚಿ ಹಾಕಿ. ದಿನಕ್ಕೆ ಎರಡು ಹೊತ್ತು, ಒಂದು ನಿಮಿಷದಲ್ಲಿ ಖಾಲಿಯಾಗುವಷ್ಟು. ವಾರದಲ್ಲಿ ಒಂದು ದಿನ ಉಪವಾಸ. ನಮ್ಮಲ್ಲಿ ಏಕಾದಶಿ ಮಾಡುವವರ ಮನೆಯ ಮೀನಿಗೆ ಇದು ಕಷ್ಟವೇನಲ್ಲ! ಎಲೆಕ್ಟ್ರಿಕ್ ಯೆಲ್ಲೊ ಇದ್ದರೆ ಆಗಾಗ ಸ್ವಲ್ಪ ಆರ್ಟೀಮಿಯ, ಅಂದರೆ ಸೀಗಡಿಯಂಥ ಸಣ್ಣ ಜೀವಿ, ಕೊಟ್ಟರೆ ತೊಂದರೆ ಇಲ್ಲ.

ಟಾಂಗನಿಕಾ ಸರೋವರದ ಟ್ರೋಫಿಯಸ್ ಸಾಕುವವರು ಇನ್ನೂ ಹುಷಾರಾಗಿರಬೇಕು. ಅದರ ಕರುಳು ಇನ್ನೂ ನಾಜೂಕು. ಆಸ್ಕರ್ ಸಾಕುವವರಿಗೆ ಈ ಸೊಪ್ಪಿನ ಪುರಾಣ ಬೇಡ, ಅದು ಹುಳ, ಸೀಗಡಿ ತಿನ್ನುವ ಮೀನು.

ಈಗ ಬಸಿರಿನ ಮಾತು. ಗಂಡು ಮೊದಲು ಬಣ್ಣ ಏರಿಸಿಕೊಳ್ಳುತ್ತದೆ. ಒಂದು ಕಲ್ಲಿನ ಬುಡ ಹಿಡಿದು ಬಾಯಲ್ಲಿ ಮರಳು ತುಂಬಿ ತುಂಬಿ ಆಚೆ ಉಗುಳುತ್ತದೆ. ಟ್ಯಾಂಕಿನಲ್ಲಿ ಇದ್ದಕ್ಕಿದ್ದಂತೆ ಗುಂಡಿ ಬಿದ್ದರೆ ಫಿಲ್ಟರ್ ಮೇಲೆ ಅನುಮಾನ ಪಡಬೇಡಿ. ಹೆಣ್ಣು ಹತ್ತಿರ ಬಂದರೆ ಗಂಡು ಅದರ ಮುಂದೆ ಅಡ್ಡ ನಿಂತು ಮೈ ನಡುಗಿಸುತ್ತದೆ. ರೆಕ್ಕೆಗಳೆಲ್ಲ ಬಿಚ್ಚಿ ಮೈಯೆಲ್ಲ ಗಡಗಡ. ಮೊದಲ ಸಲ ನೋಡಿದವರು ಮೀನಿಗೆ ಫಿಟ್ಸ್ ಬಂತು ಅಂದುಕೊಳ್ಳುತ್ತಾರೆ.

ಗಂಡಿನ ಹೊಟ್ಟೆಯ ಕೆಳಗಿನ ಹಿಂಬದಿ ರೆಕ್ಕೆಯಲ್ಲಿ ಹಳದಿ ಚುಕ್ಕೆಗಳಿರುತ್ತವೆ. ಹತ್ತಿರದಿಂದ ನೋಡಿದರೆ ಥೇಟ್ ಮೊಟ್ಟೆಯ ಹಾಗೆ, ಸುತ್ತ ಒಂದು ತೆಳು ಅಂಚೂ ಇರುತ್ತದೆ. ಗಂಡು ಹೆಣ್ಣು ಒಂದರ ಬಾಲಕ್ಕೆ ಇನ್ನೊಂದರ ತಲೆ ತಾಗುವಂತೆ ಸುತ್ತುತ್ತವೆ. ಹೆಣ್ಣು ಒಂದೆರಡು ಮೊಟ್ಟೆ ಹಾಕಿ ತಕ್ಷಣ ತಿರುಗಿ ಬಾಯಿಗೆ ತುಂಬಿಕೊಳ್ಳುತ್ತದೆ. ಆಮೇಲೆ ಗಂಡಿನ ಚುಕ್ಕೆಗಳಿಗೆ ಬಾಯಿ ಹಾಕುತ್ತದೆ. ಆ ಹೊತ್ತಿಗೆ ಗಂಡು ವೀರ್ಯ ಬಿಡುತ್ತದೆ, ಮೊಟ್ಟೆ ಬಾಯೊಳಗೇ ಫಲಿತವಾಗುತ್ತದೆ. ಆ ಚುಕ್ಕೆಗಳನ್ನು ಹೆಣ್ಣು ತನ್ನ ಮೊಟ್ಟೆ ಅಂದುಕೊಂಡು ಮೋಸ ಹೋಗುತ್ತದೆ ಅಂತ 1962ರಲ್ಲಿ ಜರ್ಮನ್ ವಿಜ್ಞಾನಿ ವುಲ್ಫ್‌ಗಾಂಗ್ ವಿಕ್ಲರ್ ಬರೆದರು. ಆಮೇಲಿನ ಪ್ರಯೋಗಗಳೆಲ್ಲ ಈ ಮಾತನ್ನು ಹಾಗೇ ಒಪ್ಪಿಲ್ಲ, ಚುಕ್ಕೆಗಳಿಗೆ ಬೇರೆ ಉಪಯೋಗವೂ ಇದ್ದೀತು. ಒಂದು ಎಚ್ಚರಿಕೆ: ಹೆಣ್ಣಿಗೂ ಮಸುಕು ಚುಕ್ಕೆ ಇರಬಹುದು. ಬರೀ ಚುಕ್ಕೆ ನೋಡಿ ಗಂಡು ಅಂತ ತೀರ್ಮಾನಿಸಬೇಡಿ. ಬಣ್ಣವೂ ದಾರಿ ತಪ್ಪಿಸುತ್ತದೆ. ಕೆನ್ಯಿ ಅನ್ನುವ ಮೀನಿನಲ್ಲಿ ನೀಲಿ ಬಣ್ಣದ್ದು ಹೆಣ್ಣು, ಹಳದಿ ಬಣ್ಣದ್ದು ಗಂಡು. ಎಲೆಕ್ಟ್ರಿಕ್ ಯೆಲ್ಲೊದಲ್ಲಿ ಎರಡೂ ಹಳದಿ.

ಮೊಟ್ಟೆ ಬಾಯಿಗೆ ಹೋದ ಮೇಲೆ ಹೆಣ್ಣಿನ ಮುಖವೇ ಬದಲಾಗುತ್ತದೆ. ಇದನ್ನು ನಿಧಾನವಾಗಿ ಹೇಳುತ್ತೇನೆ. ಗದ್ದದ ಕೆಳಗಿನ ಚರ್ಮ ಚೀಲದ ಹಾಗೆ ಇಳಿಬೀಳುತ್ತದೆ. ಬಾಯಿ ಪೂರ್ತಿ ಮುಚ್ಚುವುದಿಲ್ಲ, ಕೂದಲೆಳೆಯಷ್ಟು ತೆರೆದೇ ಇರುತ್ತದೆ. ಸ್ವಲ್ಪ ಹೊತ್ತಿಗೊಮ್ಮೆ ದವಡೆ ಆಡಿಸುತ್ತದೆ, ಮೆಲುಕು ಹಾಕಿದಂತೆ. ಅದು ಒಳಗಿನ ಮೊಟ್ಟೆಗಳನ್ನು ಉರುಳಿಸಿ ಗಾಳಿಯಾಡಿಸುವ ಕೆಲಸ. ಮೀನು ಮೂತಿ ನಿಮ್ಮ ಕಡೆ ಮಾಡಿದಾಗ ಸಣ್ಣ ಟಾರ್ಚ್ ಬಿಟ್ಟು ನೋಡಿ, ಹಳದಿ ಕಾಳುಗಳು ಕಾಣಬಹುದು. ಎರಡು ವಾರ ಕಳೆದ ಮೇಲೆ ನೋಡಿದರೆ ಕಾಳಿನ ಜಾಗದಲ್ಲಿ ಕಪ್ಪು ಕಣ್ಣುಗಳು.

26 ಡಿಗ್ರಿ ಶಾಖದಲ್ಲಿ ಸುಮಾರು ಮೂರು ವಾರ ಈ ವ್ರತ. ಅಷ್ಟೂ ದಿನ ತಾಯಿ ಏನೂ ತಿನ್ನುವುದಿಲ್ಲ, ತಿಂದರೂ ಒಂದು ಚೂರು. ಹೊಟ್ಟೆ ಒಳಗೆ ಹೋಗುತ್ತದೆ. ಇದನ್ನು ನೆನಪಿಡಿ: ಬಸುರಿ ಎಂಬೂನಾದ ಹೊಟ್ಟೆ ಬತ್ತುತ್ತದೆ, ಉಬ್ಬುವುದು ಗಂಟಲು. ಚೊಚ್ಚಲ ತಾಯಂದಿರು ಬಹಳ ಸಲ ಮೂರ್ನಾಲ್ಕು ದಿನದಲ್ಲೇ ಮೊಟ್ಟೆ ಉಗುಳುತ್ತಾರೆ, ಇಲ್ಲವೇ ನುಂಗಿಬಿಡುತ್ತಾರೆ. ಬೇಜಾರು ಬೇಡ, ಮುಂದಿನ ಸಲ ಕಲಿತುಕೊಳ್ಳುತ್ತಾರೆ. ನೀವು ಮಾಡಬೇಕಾದ ಕೆಲಸ ಒಂದೇ, ಬಲೆ ಹಿಡಿದು ಅಟ್ಟಿಸಿಕೊಂಡು ಹೋಗದೆ ಇರುವುದು. ಮರಿ ಉಳಿಯಬೇಕು ಅನ್ನುವವರು ಎರಡು ವಾರ ದಾಟಿದ ಮೇಲೆ, ರಾತ್ರಿ ಲೈಟ್ ಆರಿಸಿ, ತಾಯಿಯನ್ನು ಮೆಲ್ಲಗೆ ಬೇರೆ ಟ್ಯಾಂಕಿಗೆ ಬಿಡಿ. ಬಾಯಿ ಬಿಡಿಸಿ ಮರಿ ಉದುರಿಸುವವರೂ ಇದ್ದಾರೆ. ಕೈ ಪಳಗಿದವರು ಮಾಡಲಿ, ಮಿಕ್ಕವರು ದವಡೆ ಮುರಿಯುವುದು ಬೇಡ. ಮರಿ ಬಿಟ್ಟ ಮೇಲೆ ತಾಯಿಗೆ ಒಂದು ವಾರವಾದರೂ ಪ್ರತ್ಯೇಕವಾಗಿ ಉಣಿಸಿ. ಹಸಿದ ಬಾಣಂತಿಯನ್ನು ಹಾಗೇ ಗುಂಪಿಗೆ ಬಿಟ್ಟರೆ ಗಂಡು ಮರುದಿನವೇ ಬೆನ್ನು ಹತ್ತುತ್ತದೆ. ಮರಿಗಳಿಗೆ ಪುಡಿ ಮಾಡಿದ ಫ್ಲೇಕ್, ಆಗಷ್ಟೇ ಒಡೆದ ಆರ್ಟೀಮಿಯ ಸಾಕು.

ಏಂಜೆಲ್, ಕಾನ್ವಿಕ್ಟ್‌ನಂಥವು ಬಾಯಲ್ಲಿ ಇಡುವುದಿಲ್ಲ, ಎಲೆಗೋ ಕಲ್ಲಿಗೋ ಮೊಟ್ಟೆ ಅಂಟಿಸುತ್ತವೆ. ಅಲ್ಲಿ ಗುರುತು ಬೇರೆ. ಜೋಡಿ ಕೂಡಿ ಒಂದು ಜಾಗವನ್ನು ಬಾಯಲ್ಲಿ ಉಜ್ಜಿ ಸ್ವಚ್ಛ ಮಾಡುತ್ತವೆ. ಗುದದ್ವಾರದ ಹತ್ತಿರ ಸಣ್ಣ ನಳಿಕೆ ಹೊರಗೆ ಬರುತ್ತದೆ, ಹೆಣ್ಣಿನದು ದಪ್ಪ ಮೊಂಡು, ಗಂಡಿನದು ಸಪೂರ ಚೂಪು. ಮೊಟ್ಟೆ ಎಲ್ಲ ಬಿಳಿಯಾಗಿ ಬೂಷ್ಟು ಹಿಡಿದರೆ ಫಲಿತವಾಗಿಲ್ಲ ಅಂತ. ಏಂಜೆಲ್‌ನಲ್ಲಿ ಎರಡು ಹೆಣ್ಣುಗಳೇ ಜೋಡಿಯಾಗಿ ಸಂಸಾರ ಹೂಡುವುದೂ ಉಂಟು. ಡಿಸ್ಕಸ್ ಮರಿಗಳು ಅಪ್ಪ ಅಮ್ಮನ ಮೈಯ ಲೋಳೆಯನ್ನೇ ತಿಂದು ಬೆಳೆಯುತ್ತವೆ. ನಮ್ಮ ಪಶ್ಚಿಮ ಕರಾವಳಿ ಹಿನ್ನೀರಿನ ಆರೆಂಜ್ ಕ್ರೋಮೈಡ್ ಮರಿಗಳೂ ಹೀಗೆ ತಾಯ್ತಂದೆಯ ಮೈ ಮೆಲ್ಲುತ್ತವೆ. ಅಮೆಜಾನ್‌ವರೆಗೂ ಹೋಗಬೇಕಾಗಿಲ್ಲ.

ಇನ್ನು ಬೇನೆ. ಮಲಾವಿ ಬ್ಲೋಟ್ ಅಂತ ಕರೆಯುತ್ತಾರೆ, ಹೊಟ್ಟೆಯುಬ್ಬರ. ಕಾರಣ ಒಂದೇ ಅಲ್ಲ. ತಪ್ಪು ಆಹಾರ, ಕೊಳೆ ನೀರು, ದಿನವೂ ಒದೆ ತಿನ್ನುವ ಹೆದರಿಕೆ, ಕರುಳಿನ ಪರಾವಲಂಬಿ ಜೀವಿಗಳು ಒಟ್ಟಿಗೆ ಸೇರಿ ಮೀನನ್ನು ಬೀಳಿಸುತ್ತವೆ. ಮೊದಲ ಗುರುತು ಹೊಟ್ಟೆಯಲ್ಲಿ ಕಾಣುವುದಿಲ್ಲ, ಊಟದಲ್ಲಿ ಕಾಣುತ್ತದೆ. ಒಂದು ಪೆಲ್ಲೆಟ್ ಹಾಕಿ ಸುಮ್ನೆ ನೋಡುತ್ತಾ ನಿಲ್ಲಿ. ಬಸುರಿ ಹತ್ತಿರ ಬಂದು, ನೋಡಿ, ಮುಖ ತಿರುಗಿಸುತ್ತದೆ. ಬೇನೆ ಬಿದ್ದದ್ದು ಬಾಯಿಗೆ ಹಾಕಿಕೊಂಡು ಉಗುಳುತ್ತದೆ, ಮತ್ತೆ ಹಾಕಿಕೊಂಡು ಮತ್ತೆ ಉಗುಳುತ್ತದೆ. ಎರಡನೇ ಗುರುತು ಹಿಕ್ಕೆ. ಸ್ಪಿರುಲಿನಾ ತಿನ್ನುವ ಮೀನಿನ ಹಿಕ್ಕೆ ಹಸಿರು, ತುಂಡು ತುಂಡು. ಬ್ಲೋಟ್ ಶುರುವಾದರೆ ಬಿಳಿ ದಾರದಂತೆ ಹಿಂದೆ ಜೋತಾಡುತ್ತದೆ. ಆಮೇಲೆ ಉಸಿರು ಜೋರಾಗುತ್ತದೆ, ಹೊಟ್ಟೆ ಉಬ್ಬುತ್ತದೆ. ಮೈಮೇಲಿನ ಹುರುಪೆ ನಿಮಿರಿ ನಿಂತರೆ ಕೈಮೀರಿದ ಹಾಗೆ.

ಮೊದಲ ಎರಡು ಗುರುತಿನಲ್ಲೇ ಹಿಡಿದರೆ ಉಳಿಸಬಹುದು. ಬೇರೆ ಟ್ಯಾಂಕಿಗೆ ಹಾಕಿ. ಇತ್ತ ಮೂಲ ಟ್ಯಾಂಕಿನಲ್ಲೂ ಎರಡು ಮೂರು ದಿನ ಊಟ ನಿಲ್ಲಿಸಿ, ಮೂರನೇ ಒಂದು ಭಾಗ ನೀರು ಬದಲಿಸಿ. ರೋಗಿಯ ಟ್ಯಾಂಕಿಗೆ 20 ಲೀಟರಿಗೆ ಒಂದು ಟೀ ಚಮಚ ಎಪ್ಸಮ್ ಸಾಲ್ಟ್. ಔಷಧಿಯಾಗಿ ಬಳಕೆಯಲ್ಲಿರುವುದು ಮೆಟ್ರೊನಿಡಜೋಲ್. ಮೀನು ಇನ್ನೂ ತಿನ್ನುತ್ತಿದ್ದರೆ ಆಹಾರದಲ್ಲಿ ಬೆರೆಸಿ ಕೊಟ್ಟಾಗ ಹೆಚ್ಚು ನಾಟುತ್ತದೆ. ಅದನ್ನು ಪಶುವೈದ್ಯರನ್ನು ಕೇಳಿಯೇ ಹಾಕಿ. ಅಂಗಡಿಯ ಹಳದಿ ಪುಡಿ, ನೀಲಿ ದ್ರಾವಣ ಎರಡನ್ನೂ ಒಟ್ಟಿಗೆ ಸುರಿಯುವುದು ಚಿಕಿತ್ಸೆ ಆಗುವುದಿಲ್ಲ. ಫಿಲ್ಟರಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮಿಕ್ಕ ಮೀನುಗಳೂ ಮಲಗುತ್ತವೆ.

ನೀರಿನ ಬಗ್ಗೆ ಒಂದು ಮಾತು. ಮಲಾವಿಯ ನೀರು ಕ್ಷಾರದ ಕಡೆಗೆ, ಪಿಎಚ್ 7.8ರಿಂದ 8.6. ಬೆಂಗಳೂರಿನ ಬೋರ್‌ವೆಲ್ ನೀರಿನ ಗಡಸುತನ ಅಡುಗೆಮನೆಯಲ್ಲಿ ತೊಂದರೆ ಕೊಟ್ಟರೂ ಈ ಮೀನುಗಳಿಗೆ ಹಿತ. ಆರ್‌ಓ ನೀರು ಇವಕ್ಕೆ ಬೇಡವೇ ಬೇಡ. ಕಾವೇರಿ ನೀರು ಬಳಸುವವರು ಕ್ಲೋರಿನ್ ತೆಗೆಯುವ ದ್ರಾವಣ ಮರೆಯಬಾರದು.

ಆದರೆ ಪಿಎಚ್ ಜಾಸ್ತಿ ಇರುವ ನೀರಿನಲ್ಲಿ ಒಂದು ಅಪಾಯ ಇದೆ. ಮೀನಿನ ಕೊಳೆಯಿಂದ ಬರುವ ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ವಿಷ, ಇನ್ನೊಂದು ಅಷ್ಟೇನೂ ಅಲ್ಲ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷರೂಪ ಶೇಕಡಾ 1ಕ್ಕಿಂತ ಕಡಿಮೆ. 8ಕ್ಕೆ ಏರಿದರೆ ಸುಮಾರು 5. 8.5ಕ್ಕೆ ಏರಿದರೆ ಸುಮಾರು 15. ಅಂದರೆ ಪಿಎಚ್ ಕಡಿಮೆ ಇರುವ ಏಂಜೆಲ್ ಟ್ಯಾಂಕಿನಲ್ಲಿ ಹೇಗೋ ದಾಟಿಹೋಗುವ ಕೊಳೆ ಎಂಬೂನಾ ಟ್ಯಾಂಕಿನಲ್ಲಿ ಕಿವಿರು ಸುಡುತ್ತದೆ. ಹೊಸ ಟ್ಯಾಂಕಿಗೆ ಫಿಲ್ಟರ್ ಹಾಕಿ, ಅಮೋನಿಯಾ ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯುವಂತೆ ನಾಲ್ಕರಿಂದ ಆರು ವಾರ ಪಳಗಿಸದೆ ಮೀನು ಬಿಡಬೇಡಿ ಅಂತ ನಾನು ತಲೆ ತಿನ್ನುವುದು ಇದಕ್ಕೇ.

ಊಟ ಬಿಡಲು ಮೂರನೇ ಕಾರಣವೂ ಇದೆ: ಏಟು. ಒಂದು ಮೀನು ಹೀಟರಿನ ಹಿಂದೆ, ನೀರಿನ ಮೇಲ್ಭಾಗದ ಮೂಲೆಯಲ್ಲಿ, ಹರಿದ ರೆಕ್ಕೆ ಹೊತ್ತು ನಿಂತಿದ್ದರೆ ಅದಕ್ಕೆ ಗದ್ದವೂ ಉಬ್ಬಿಲ್ಲ, ಹೊಟ್ಟೆಯೂ ಉಬ್ಬಿಲ್ಲ. ಅದನ್ನು ಯಾರೋ ಬಡಿಯುತ್ತಿದ್ದಾರೆ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಲಿ, ಕಲ್ಲಿನ ರಾಶಿ ಎತ್ತರವಾಗಿರಲಿ. ಗಲಾಟೆ ವಿಪರೀತವಾದರೆ ಕಲ್ಲುಗಳ ಜಾಗ ಬದಲಿಸಿ. ಗಡಿ ಅಳಿಸಿಹೋದರೆ ಯಜಮಾನನೂ ಹೊಸಬನಾಗುತ್ತಾನೆ.

ಬಿಳಿ ಚುಕ್ಕೆ ರೋಗ ನಿಮಗೆಲ್ಲ ಗೊತ್ತಿರುವುದೇ. ಡಿಸೆಂಬರ್ ರಾತ್ರಿ ಕರೆಂಟ್ ಹೋಗಿ ಹೀಟರ್ ನಿಂತರೆ ಬರುತ್ತದೆ. ಶಾಖವನ್ನು ನಿಧಾನಕ್ಕೆ 30 ಡಿಗ್ರಿಗೆ ಏರಿಸಿ, ಏರ್ ಪಂಪ್ ಜೋರು ಮಾಡಿ. ಚುಕ್ಕೆ ಮಾಯವಾಯಿತು ಅಂತ ಔಷಧಿ ನಿಲ್ಲಿಸಬೇಡಿ. ಈ ರೋಗದ ಪರಾವಲಂಬಿ ಜೀವಿಗೆ ಮೈಗೆ ಅಂಟಿದ ಹಂತದಲ್ಲಿ ಔಷಧಿ ತಾಗುವುದಿಲ್ಲ, ಉದುರಿ ನೀರಿನಲ್ಲಿ ಈಜುವ ಹಂತದಲ್ಲೇ ಅದನ್ನು ಕೊಲ್ಲಬೇಕು. ಆಸ್ಕರ್ ತಲೆಯಲ್ಲಿ ತೂತು ಬೀಳುವ ರೋಗಕ್ಕೆ ಮೊದಲ ಔಷಧಿ ನೀರು ಬದಲಿಸುವುದು, ಎರಡನೆಯದು ಬಗೆಬಗೆಯ ಊಟ.

ಕೊನೆಗೆ ಸಭೆಯಿಂದ ಬಂದ ಎರಡು ಪ್ರಶ್ನೆ. ಫ್ಲವರ್‌ಹಾರ್ನ್ ತಲೆ ಉಬ್ಬಿಸಲು ಏನು ಹಾಕಬೇಕು ಅಂತ ಒಬ್ಬರು ಕೇಳಿದರು. ಆ ಮೀನು ಮನುಷ್ಯರೇ ಬೆರೆಸಿ ಮಾಡಿದ ತಳಿ. ಅದೃಷ್ಟದ ಗುರುತು ಅಂತ ಜನ ನಂಬುವ ಆ ತಲೆಯ ಉಬ್ಬು ಬಹುಪಾಲು ಹುಟ್ಟಿನಿಂದ ಬರುವುದು, ಊಟದಿಂದ ಅದೃಷ್ಟ ಉಬ್ಬುವುದಿಲ್ಲ. ಅತಿ ಪ್ರೋಟೀನ್ ತುರುಕಿದರೆ ಉಬ್ಬುವುದು ಯಕೃತ್ತು.

ಇನ್ನೊಬ್ಬರು ಕೇಳಿದ್ದು, "ಮರಿ ಜಾಸ್ತಿ ಆದ್ರೆ ಕೆರೆಗೆ ಬಿಡಬಹುದಾ?" ಬೇಡ. ಆಫ್ರಿಕಾ ಮೂಲದ ಜಿಲೇಬಿ ಮೀನನ್ನು 1952ರಲ್ಲಿ ಭಾರತಕ್ಕೆ ತಂದರು. ಅದೂ ಬಾಯಲ್ಲೇ ಮರಿ ಮಾಡುವ ಸಿಕ್ಲಿಡ್. ಇವತ್ತು ಯಾವ ಕೆರೆಗೆ ಬಲೆ ಬೀಸಿದರೂ ಅದೇ ಬೀಳುತ್ತದೆ. ದಕ್ಷಿಣ ಕನ್ನಡದ ಕುಮಾರಧಾರೆಯ ಕಡೆ ಕೆನರಾ ಪರ್ಲ್‌ಸ್ಪಾಟ್ ಅನ್ನುವ ನಮ್ಮದೇ ಸಿಕ್ಲಿಡ್ ಇದೆ, ಈ ಸುತ್ತಿನ ಹೊಳೆಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಹೊರಗಿನ ಮೀನು, ಹೊರಗಿನ ರೋಗ ಎರಡೂ ಅದರ ನೀರಿಗೆ ಹೋಗಬಾರದು. ಮರಿಗಳನ್ನು ಅಂಗಡಿಯವರಿಗೆ ಕೊಡಿ, ಬಹಳಷ್ಟು ಜನ ಫುಡ್ ಬದಲಿಗೆ ತೆಗೆದುಕೊಳ್ಳುತ್ತಾರೆ. 'ಆಫ್ರಿಕನ್ ಮಿಕ್ಸ್' ಟ್ಯಾಂಕಿನಲ್ಲಿ ಹುಟ್ಟಿದ್ದಾದರೆ ಅಪ್ಪ ಯಾರು ಅಂತ ಖಾತ್ರಿ ಇರುವುದಿಲ್ಲ. ಅದನ್ನು ಮಿಶ್ರ ತಳಿ ಅಂತ ಹೇಳಿಯೇ ಕೊಡಿ.